ಕಾಡಿನ ಜೀವಶಾಸ್ತ್ರಜ್ಞರಾಗಬೇಕೆ? ಮೂವತ್ತು ಬೆಳಗಿನ ಪರೀಕ್ಷೆಯಿಂದ ಮೊದಲ ಪತ್ರದವರೆಗೆ

ಬಿಎಸ್ಸಿ ಓದುತ್ತಿರುವವರು, ಪಿಯುಸಿ ಮುಗಿಸಿದವರು, ಕೆಲವೊಮ್ಮೆ ಅವರ ಅಪ್ಪ-ಅಮ್ಮ ಫೋನ್ ಮಾಡುತ್ತಾರೆ. "ಕಾಡಲ್ಲಿ ಪ್ರಾಣಿಗಳ ಮೇಲೆ ಸಂಶೋಧನೆ ಮಾಡ್ಬೇಕು ಅಂತಿದ್ದಾಳೆ. ಏನು ಓದಿಸ್ಬೇಕು? ಮುಂದೆ ಕೆಲಸ ಸಿಗುತ್ತಾ?" ಏನು ಓದಬೇಕು ಎಂಬುದನ್ನು ಐದು ನಿಮಿಷದಲ್ಲಿ ಹೇಳಿಬಿಡಬಹುದು. ಅದಕ್ಕಿಂತ ಮೊದಲು ತಿಳಿಯಬೇಕಾದ್ದು ಈ ಕೆಲಸದಲ್ಲಿ ದಿನ ಹೇಗೆ ಕಳೆಯುತ್ತದೆ ಎಂಬುದು. ನನ್ನ ಮಟ್ಟಿಗೆ ಹೇಳುವುದಾದರೆ, ಪ್ರಾಣಿಗಳ ಮೇಲಿನ ಪ್ರೀತಿ ಇದ್ದೂ ಎರಡನೇ ವರ್ಷಕ್ಕೇ ಬಿಟ್ಟುಹೋದವರನ್ನು ನೋಡಿದ್ದೇನೆ. ಒಂದೇ ಸಂಗತಿಯನ್ನು ದಿನವೂ ಎಣಿಸಿ ಬರೆದಿಡುವುದು ರೂಢಿಯಾದವರು ಮಾತ್ರ ಉಳಿದುಕೊಂಡಿದ್ದಾರೆ. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಒಂದು ಬೆಳಗ್ಗೆ ಹೇಗಿರುತ್ತದೆ

ಬಂಡೀಪುರ, ನಾಗರಹೊಳೆಯಂಥ ಎಲೆ ಉದುರುವ ಕಾಡಿನಲ್ಲಿ ಜಿಂಕೆ, ಕಡವೆ, ಕಾಟಿ ಎಷ್ಟಿವೆ ಎಂದು ತಿಳಿಯಲು ನೇರವಾದ ಕಾಲುದಾರಿಗಳನ್ನು ಸವರಿಟ್ಟಿರುತ್ತಾರೆ. ನಮ್ಮ ಮಾತಿನಲ್ಲಿ ಅದು 'ಲೈನ್'. ಎರಡು ಮೂರು ಕಿಲೋಮೀಟರ್ ಉದ್ದ ಇರುತ್ತದೆ. ಐದು ಗಂಟೆಗೆ ಎದ್ದು, ಕರಿ ಚಹಾ ಕುಡಿದು, ಬೆಳಕು ಹರಿಯುವ ಹೊತ್ತಿಗೆ ಇಬ್ಬರು ಲೈನಿನ ತುದಿಯಲ್ಲಿ ನಿಂತಿರಬೇಕು. ಆಮೇಲೆ ಮಾತಿಲ್ಲ. ಒಣಗಿದ ಎಲೆ ಸದ್ದಾಗದ ಹಾಗೆ ಕಾಲಿಡುತ್ತ ನಡೆಯಬೇಕು. ಜಿಂಕೆಯ ಗುಂಪು ಕಂಡಿತು ಅಂದುಕೊಳ್ಳಿ. ನಿಂತು ಎಣಿಸಬೇಕು: ಒಂಬತ್ತು. ರೇಂಜ್ ಫೈಂಡರ್ ಹಿಡಿದು ದೂರ ನೋಡಬೇಕು: 43 ಮೀಟರ್. ದಿಕ್ಸೂಚಿಯಲ್ಲಿ ಕೋನ ನೋಡಬೇಕು. ಮೂರನ್ನೂ ಬರೆದುಕೊಂಡು ಮುಂದಕ್ಕೆ ಹೋಗಬೇಕು. ಮರಿಯೊಂದು ಕಿವಿ ನಿಮಿರಿಸಿ ನಿಮ್ಮನ್ನೇ ನೋಡುತ್ತ ನಿಂತಿದ್ದರೂ ಅಲ್ಲೇ ಉಳಿಯುವಂತಿಲ್ಲ.

ದೂರ ಯಾಕೆ ಬರೆಯಬೇಕು? ದಾರಿಯ ಮೇಲೇ ಇರುವ ಪ್ರಾಣಿ ಕಣ್ಣು ತಪ್ಪುವುದಿಲ್ಲ. ಲಂಟಾನದ ಮೆಳೆಯಾಚೆ ಇರುವುದು ತಪ್ಪಬಹುದು, ಇನ್ನೂ ದೂರದ್ದು ಖಂಡಿತ ತಪ್ಪುತ್ತದೆ. ದೂರ ಹೆಚ್ಚಿದಂತೆಲ್ಲ ಕಣ್ಣಿಗೆ ಬೀಳುವ ಗುಂಪುಗಳು ಯಾವ ಪ್ರಮಾಣದಲ್ಲಿ ಇಳಿಯುತ್ತವೆ ಎಂದು ಗೊತ್ತಾದರೆ, ಅಲ್ಲಿದ್ದೂ ನಮಗೆ ಕಾಣದೆ ಉಳಿದವು ಎಷ್ಟು ಎಂದು ಅಂದಾಜು ಮಾಡಲು ಬರುತ್ತದೆ. ಇದು ನನಗೆ ಮೊದಲ ಸಲ ಅರ್ಥವಾದ ದಿನ ರಾತ್ರಿ ನಿದ್ದೆ ಬಂದಿರಲಿಲ್ಲ. ಕಾಣದ ಪ್ರಾಣಿಯನ್ನೂ ಲೆಕ್ಕಕ್ಕೆ ತರುವ ದಾರಿ ಇದೆ ಎಂದರೆ ಅದೆಂಥ ಸೊಗಸು!

ಇದೇ ಕೆಲಸದಲ್ಲಿ ನಾನು ಮಾಡಿದ ತಪ್ಪನ್ನೂ ಹೇಳಬೇಕು. ಮೊದಲ ಹಂಗಾಮಿನಲ್ಲಿ, ಬೆಳಗಿನ ಚಳಿಯಲ್ಲಿ ಬೆರಳು ಮರಗಟ್ಟಿದಾಗ, ರೇಂಜ್ ಫೈಂಡರ್ ತೆಗೆಯದೆ ಕಣ್ಣಂದಾಜಿನಲ್ಲಿ 20, 30, 40 ಎಂದು ಬರೆದುಬಿಡುತ್ತಿದ್ದೆ. ಕೊನೆಗೆ ಅಂಕಿಗಳನ್ನು ಹರವಿದಾಗ ಹತ್ತರ ಗುಣಕಗಳಲ್ಲೇ ಎಲ್ಲ ಗುಡ್ಡೆ ಬಿದ್ದಿದ್ದವು, ನಡುವೆ ಖಾಲಿ. ಮೂರು ವಾರದ ನಡಿಗೆಯನ್ನು ಬಿಟ್ಟುಕೊಡಬೇಕಾಯಿತು. ಯಾರೂ ಬೈಯಲಿಲ್ಲ, ಆದರೆ ಆ ಜಿಂಕೆಗಳಿಗೆ ನಾನು ಮೋಸ ಮಾಡಿದೆ ಅನ್ನಿಸಿತು. ಅಂದಿನಿಂದ ಅಳೆಯದ್ದನ್ನು ಅಳೆದ ಹಾಗೆ ಬರೆದಿಲ್ಲ. ಲೈನ್ ಪೂರ್ತಿ ನಡೆದು ಏನೂ ಕಾಣದ ದಿನವೂ ಇರುತ್ತದೆ. ಅವತ್ತು ಸೊನ್ನೆ ಎಂದು ಬರೆಯಬೇಕು. ಅದೂ ಅಂಕಿಯೇ.

ಇಂಥ ಬೆಳಗುಗಳು ವರ್ಷದಲ್ಲಿ ಕೆಲವು ತಿಂಗಳು ಮಾತ್ರ. ಉಳಿದ ಕಾಲ ಕಂಪ್ಯೂಟರ್ ಮುಂದೆ: ಪ್ರಾಣಿ ಎದುರಿಗೆ ಬಂದರೆ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪಿನ ಚಿತ್ರ ವಿಂಗಡಿಸುವುದು, ಅಂಕಿ ತಿದ್ದುವುದು, ಪ್ರಬಂಧ ಬರೆಯುವುದು, ಹಣಕ್ಕೆ ಅರ್ಜಿ ಹಾಕುವುದು, ಬಿಲ್ಲು ಹೊಂದಿಸುವುದು. ಕಾಡಿನಲ್ಲಿ ಕಳೆಯುವ ಒಂದು ದಿನಕ್ಕೆ ಮೇಜಿನ ಮುಂದೆ ಎರಡು ದಿನ ಎಂದುಕೊಂಡೇ ಬನ್ನಿ.

ಮೊದಲ ಹೆಜ್ಜೆ: ಮೂವತ್ತು ಬೆಳಗು

ಕಾಲೇಜು, ಕೋರ್ಸು ಎಲ್ಲ ಆಮೇಲೆ. ಮೊದಲು ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ. ಇದಕ್ಕೆ ಕಾಡು ಬೇಡ, ಯಾರ ಅನುಮತಿಯೂ ಬೇಡ, ಹತ್ತಿಪ್ಪತ್ತು ರೂಪಾಯಿಯ ನೋಟ್ ಬುಕ್ ಸಾಕು.

ಮನೆಗೆ ಹತ್ತಿರದ ಒಂದು ಕಿಲೋಮೀಟರ್ ದಾರಿ ಆರಿಸಿಕೊಳ್ಳಿ. ಕೆರೆ ಏರಿ ಆಗಬಹುದು, ಅಡಿಕೆ ತೋಟದ ಅಂಚು ಆಗಬಹುದು, ಬೆಂಗಳೂರಿನ ಪಾರ್ಕಿನ ಸುತ್ತು ಆಗಬಹುದು. ಒಂದೇ ಒಂದು ಹಕ್ಕಿ ಆರಿಸಿ. ಕೆರೆ ಇದ್ದರೆ ಮಿಂಚುಳ್ಳಿ ಒಳ್ಳೆಯದು, ಊರೊಳಗಾದರೆ ಗೊರವಂಕ. ಮೂವತ್ತು ದಿನ, ಒಂದೇ ಹೊತ್ತಿಗೆ, ಒಂದೇ ವೇಗದಲ್ಲಿ ನಡೆಯಿರಿ. ಪ್ರತಿ ದಿನ ಬರೆಯಬೇಕಾದ್ದು: ತಾರೀಕು, ಹೊರಟ ಸಮಯ, ಮುಗಿಸಿದ ಸಮಯ, ಮೋಡವೋ ಬಿಸಿಲೋ ಮಳೆಯೋ, ಎಷ್ಟು ಹಕ್ಕಿ, ದಾರಿಯಿಂದ ಎಷ್ಟು ಹೆಜ್ಜೆ ದೂರ, ಏನು ಮಾಡುತ್ತಿತ್ತು. ಬರೆಯುವುದು ಅಲ್ಲೇ ನಿಂತು. ಮನೆಗೆ ಬಂದು ನೆನಪಿನಿಂದ ಬರೆದರೆ ಅದು ಲೆಕ್ಕವಲ್ಲ. ಹೋಗಲಾಗದ ದಿನ "ಹೋಗಲಿಲ್ಲ, ಜ್ವರ" ಎಂದು ಬರೆಯಿರಿ, ಅಂಕಿ ತುಂಬಿಸಬೇಡಿ.

ಕನ್ನಡದಲ್ಲೇ ಬರೆಯಿರಿ. ನನ್ನ ನೋಟ್ ಬುಕ್ಕುಗಳೆಲ್ಲ ಇವತ್ತಿಗೂ ಕನ್ನಡದಲ್ಲೇ ಇವೆ. ಪ್ರಬಂಧ ಇಂಗ್ಲಿಷಿನಲ್ಲಿ ಬರೆಯಬೇಕಾಗುತ್ತದೆ ನಿಜ, ಅದು ಕೆಲಸ ಮಾಡುತ್ತ ಮಾಡುತ್ತ ಬರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದೆ ಎಂಬ ಅಳುಕಿನಿಂದ ಯಾರೂ ಹಿಂದೆ ಸರಿಯಬೇಡಿ. ಕಣ್ಣೆದುರಿನದನ್ನು ಥಟ್ಟನೆ, ಸರಿಯಾಗಿ ಬರೆದುಕೊಳ್ಳಲು ತಾಯಿನುಡಿಯಷ್ಟು ಒದಗಿಬರುವುದು ಬೇರೊಂದಿಲ್ಲ.

ಹತ್ತನೇ ದಿನದ ಹೊತ್ತಿಗೆ ಬೇಸರ ಬರುತ್ತದೆ, ಎಲ್ಲರಿಗೂ. ಆಮೇಲೆ ಏನಾಗುತ್ತದೆ ಎಂಬುದನ್ನು ಗಮನಿಸಿ. ಕೆಲವರಿಗೆ ಬೇಸರವೇ ಬೆಳೆಯುತ್ತದೆ. ಇನ್ನು ಕೆಲವರ ತಲೆಯಲ್ಲಿ ಪ್ರಶ್ನೆ ಹುಟ್ಟುತ್ತದೆ. ಭಾನುವಾರ ಮಿಂಚುಳ್ಳಿ ಕಡಿಮೆ ಯಾಕೆ? ಗಾಳ ಹಾಕುವವರು ಬರುತ್ತಾರೆ ಅಂತಲೋ, ಅಥವಾ ಬಟ್ಟೆ ಒಗೆಯುವ ಸದ್ದಿಗೋ? ಕರೆಂಟ್ ತಂತಿಯ ಮೇಲೆ ಕೂತಿದ್ದು ಹೆಚ್ಚೋ, ಒಣಕೊಂಬೆಯ ಮೇಲೋ? ಹೀಗೆ ಒಂದು ಪ್ರಶ್ನೆ ಹುಟ್ಟಿ, ಅದಕ್ಕೆ ಉತ್ತರ ಕಾಣಲು ನಾಳೆ ಏನು ಬರೆದುಕೊಳ್ಳಬೇಕು ಎಂದು ನೀವು ಯೋಚಿಸಿದಿರಾದರೆ, ಆ ಹೊತ್ತಿಗೆ ನೀವು ಜೀವಶಾಸ್ತ್ರದ ಕೆಲಸ ಶುರು ಮಾಡಿಯಾಯಿತು. ಮೂವತ್ತು ದಿನ ಮುಗಿದ ಮೇಲೆ ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಟ್ಟು ಗೆರೆ ಎಳೆಯಿರಿ. ಆ ಹಾಳೆಯನ್ನು ಜೋಪಾನವಾಗಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ಬೇಸರವೇ ಗೆದ್ದರೆ ಜೀವಶಾಸ್ತ್ರ ಬಿಡಬೇಕಿಲ್ಲ. ಪ್ರಯೋಗಾಲಯದ ಜೀವಶಾಸ್ತ್ರ, ತಳಿಶಾಸ್ತ್ರ, ಔಷಧ ಕಂಪನಿ, ಕೃಷಿ ಸಂಶೋಧನೆ ಎಂದು ಬೇರೆ ದಾರಿಗಳು ಬೇಕಾದಷ್ಟಿವೆ. ದೂರದ ಕಾಡಿಗೆ ಹೋಗದೆಯೂ ಪ್ರಾಣಿಗಳ ನಡವಳಿಕೆ ಓದಿದವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್ಕರ್ ದಶಕಗಳ ಕಾಲ ಅಧ್ಯಯನ ಮಾಡಿದ್ದು ನಮ್ಮ ಕಟ್ಟಡಗಳಲ್ಲೂ ಗೂಡು ಕಟ್ಟುವ ಕಣಜದ ಹುಳುವನ್ನು. ಒಂದೊಂದು ಹುಳುವಿಗೂ ಬಣ್ಣದ ಚುಕ್ಕೆ ಇಟ್ಟು ಗುರುತು ಹಿಡಿದು, ಯಾವುದು ಏನು ಮಾಡುತ್ತದೆ ಎಂದು ಕೂತು ಬರೆದುಕೊಂಡರು. ಆ ಗೂಡಿನ ರಾಣಿ ಸಾಧು ಸ್ವಭಾವದ್ದು. ರಾಣಿಯನ್ನು ತೆಗೆದರೆ ಕೆಲಸಗಾರ ಹುಳುಗಳಲ್ಲೇ ಒಂದು ಇದ್ದಕ್ಕಿದ್ದಂತೆ ಜಗಳಗಂಟಿಯಾಗಿ, ಮುಂದೆ ತಾನೇ ರಾಣಿಯಾಗುತ್ತದೆ.

ಎರಡನೇ ಹೆಜ್ಜೆ: ಏನು ಓದಬೇಕು

ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡವರು ಸಾಧ್ಯವಿದ್ದರೆ ಗಣಿತ ಬಿಡಬೇಡಿ. ಬಿಎಸ್ಸಿಗೆ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ಪರಿಸರ ವಿಜ್ಞಾನ ಯಾವುದಾದರೂ ನಡೆಯುತ್ತದೆ. ಶಿರಸಿ, ಪೊನ್ನಂಪೇಟೆಯ ಅರಣ್ಯ ಕಾಲೇಜುಗಳಲ್ಲಿ ಬಿಎಸ್ಸಿ ಫಾರೆಸ್ಟ್ರಿ ಇದೆ. ಅರಣ್ಯ ಇಲಾಖೆಗೆ ಸೇರುವ ಮನಸ್ಸಿದ್ದವರಿಗೆ ಅದು ನೇರವಾದ ದಾರಿ. ಸಂಶೋಧನೆಯ ಕಡೆಗೇ ಹೋಗಬೇಕೆಂದು ಪಿಯುಸಿಯಲ್ಲೇ ನಿಶ್ಚಯಿಸಿದವರು ಐಸರ್ (ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ) ಸಂಸ್ಥೆಗಳ ಪ್ರವೇಶ ಪರೀಕ್ಷೆ ಐಎಟಿ ಬರೆಯಬಹುದು.

ಎಂಎಸ್ಸಿಯ ಹಂತದಲ್ಲಿ ಆಯ್ಕೆ ಮುಖ್ಯವಾಗುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿರುವ ಎನ್‌ಸಿಬಿಎಸ್‌ನಲ್ಲಿ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ವನ್ಯಜೀವಿ ಜೀವಶಾಸ್ತ್ರ ಮತ್ತು ಸಂರಕ್ಷಣೆಯ ಎಂಎಸ್ಸಿ ಇದೆ. ಎರಡು ವರ್ಷಕ್ಕೊಮ್ಮೆ ಪ್ರವೇಶ, ಸೀಟು ಬಹಳ ಕಡಿಮೆ, ಹೊರ ಊರಿನ ಕಾಡುಗಳಲ್ಲಿ ತರಬೇತಿ ಬಹಳ. ಎಂಜಿನಿಯರುಗಳು, ಪಶುವೈದ್ಯರು ಕೂಡ ಅಲ್ಲಿ ಓದಿದ್ದಾರೆ. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ 1982ರಲ್ಲಿ ಶುರುವಾದದ್ದು, ಅಲ್ಲೂ ವನ್ಯಜೀವಿ ವಿಜ್ಞಾನದ ಎಂಎಸ್ಸಿ ಇದೆ. ನಮ್ಮ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ನಿರ್ವಹಣೆಯನ್ನೇ ಓದಬಹುದು. ಭದ್ರಾ ಅಭಯಾರಣ್ಯ ಪಕ್ಕದಲ್ಲೇ ಇದೆ, ಮಲೆನಾಡಿನ ಮಕ್ಕಳಿಗೆ ಖರ್ಚೂ ಹಗುರ. ಪಿಎಚ್‌ಡಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರ, ಪರಿಸರ ಸಂಶೋಧನಾ ಸಂಸ್ಥೆ ಏಟ್ರಿ, ಎನ್‌ಸಿಬಿಎಸ್ ಮೂರೂ ಬೆಂಗಳೂರಿನಲ್ಲೇ ಇವೆ. ಮೈಸೂರಿನಲ್ಲಿ ವನ್ಯಜೀವಿ ಸಂಶೋಧನೆ ಮಾಡುವ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಇದೆ.

ತಡವಾಯಿತು ಎಂದು ಚಿಂತೆ ಮಾಡುವವರಿಗೆ ಒಂದು ಮಾತು. ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು, ಪಟ್ಟೆಗಳ ವಿನ್ಯಾಸದಿಂದ ಒಂದೊಂದು ಹುಲಿಯನ್ನೂ ಬೇರೆ ಬೇರೆಯಾಗಿ ಗುರುತಿಸಿ ಎಣಿಸುವ ಕ್ರಮವನ್ನು ರೂಢಿಗೆ ತಂದ ಉಲ್ಲಾಸ ಕಾರಂತರು ಮೊದಲು ಓದಿದ್ದು ಸುರತ್ಕಲ್ಲಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್. ಅವರು ವನ್ಯಜೀವಿ ಶಾಸ್ತ್ರವನ್ನು ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ಓದಿದಾಗ ಮೂವತ್ತು ದಾಟಿತ್ತು.

ಪಿಎಚ್‌ಡಿಗೆ ಬೇಕಾಗುವ ಪರೀಕ್ಷೆಗಳ ವಿಷಯ ಬೇಗ ಹೇಳಿಬಿಡುತ್ತೇನೆ: ಸಿಎಸ್ಐಆರ್-ಯುಜಿಸಿ ನೆಟ್, ಗೇಟ್ (ಅದರಲ್ಲಿ ಪರಿಸರ ಮತ್ತು ವಿಕಾಸ ಎಂಬ ಪತ್ರಿಕೆಯೇ ಇದೆ), ಎನ್‌ಸಿಬಿಎಸ್‌ನಂಥ ಕಡೆಗೆ ಜೆಜಿಬಿಲ್ಸ್ ಎಂಬ ಜೀವಶಾಸ್ತ್ರದ ಪ್ರವೇಶ ಪರೀಕ್ಷೆ. ನೆಟ್‌ನಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕರೆ ಪಿಎಚ್‌ಡಿಯ ಖರ್ಚು ಹೆಚ್ಚುಕಡಿಮೆ ನೀಗುತ್ತದೆ.

ಮೂರನೇ ಹೆಜ್ಜೆ: ಲೆಕ್ಕ ಕಲಿಯಿರಿ

ಗಣಿತ ಬೇಡವೆಂದೇ ಜೀವಶಾಸ್ತ್ರಕ್ಕೆ ಬಂದವರು ನಮ್ಮಲ್ಲಿ ಬಹಳ. ಅವರು ಸಂಕಟಪಡುವುದನ್ನು ಪ್ರತಿ ವರ್ಷ ನೋಡುತ್ತೇನೆ. 2022ರ ಗಣತಿಯಲ್ಲಿ ಕರ್ನಾಟಕದಲ್ಲಿ 563 ಹುಲಿಗಳಿವೆ ಎಂದು ಬಂತಲ್ಲ, ಅದು 563 ಹುಲಿಗಳನ್ನು ಒಂದೊಂದಾಗಿ ಕಣ್ಣಾರೆ ಕಂಡು ಕೂಡಿಸಿದ್ದಲ್ಲ. ಕ್ಯಾಮೆರಾಗೆ ಸಿಕ್ಕವು, ಮತ್ತೆ ಮತ್ತೆ ಸಿಕ್ಕವು, ಹೊಸದಾಗಿ ಸಿಕ್ಕವು, ಇವುಗಳ ಪ್ರಮಾಣ ನೋಡಿ ಸಿಗದವನ್ನೂ ಸೇರಿಸಿ ಮಾಡಿದ ಅಂದಾಜು. ಹಾಗಾಗಿ ಸಂಖ್ಯಾಶಾಸ್ತ್ರ ಗೊತ್ತಿಲ್ಲದೆ ಕಾಡಿಗೆ ಹೋಗುವುದು ನಾಡಿ ನೋಡಲು ಬಾರದ ವೈದ್ಯ ರೋಗಿಯ ಮುಂದೆ ಕೂತ ಹಾಗೆ.

ಬಿಎಸ್ಸಿಯ ರಜೆಗಳಲ್ಲೇ 'ಆರ್' ಎಂಬ ಕಂಪ್ಯೂಟರ್ ಭಾಷೆ ಕಲಿಯಿರಿ, ನಕ್ಷೆಗೆ ಕ್ಯೂಜಿಐಎಸ್ ಕಲಿಯಿರಿ. ಎರಡೂ ಉಚಿತ. ಪಾಠದ ಉದಾಹರಣೆಗಳನ್ನು ಬಿಟ್ಟು ನಿಮ್ಮ ಮಿಂಚುಳ್ಳಿಯ ಮೂವತ್ತು ದಿನದ ಅಂಕಿಗಳನ್ನೇ ಹಾಕಿ ಕಲಿತರೆ ತಲೆಗೆ ಹತ್ತುತ್ತದೆ.

ನಾಲ್ಕನೇ ಹೆಜ್ಜೆ: ಕಾಡಿಗೆ ಕಾಲಿಡುವ ಮುನ್ನ

ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಸಂಶೋಧನೆ ಮಾಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ನಮ್ಮ ರಾಜ್ಯದಲ್ಲಿ ಅರ್ಜಿ ಹೋಗುವುದು ಬೆಂಗಳೂರಿನ ಮಲ್ಲೇಶ್ವರದ ಅರಣ್ಯ ಭವನಕ್ಕೆ. ಒಬ್ಬ ವಿದ್ಯಾರ್ಥಿಯಾಗಿ ಬರೆದರೆ ಸಿಗುವುದು ಕಷ್ಟ, ಸಂಸ್ಥೆಯ ಮೂಲಕ ಹೋಗಬೇಕು, ತಿಂಗಳುಗಟ್ಟಲೆ ಕಾಯಬೇಕು. ಮಳೆಗಾಲದ ಕೆಲಸಕ್ಕೆ ಹಿಂದಿನ ಚಳಿಗಾಲದಲ್ಲೇ ಅರ್ಜಿ ಹಾಕಿ. ಪ್ರಾಣಿ ಹಿಡಿಯುವ, ರಕ್ತ ತೆಗೆಯುವ ಕೆಲಸವಿದ್ದರೆ ಅದಕ್ಕೆ ಬೇರೆ ಒಪ್ಪಿಗೆ. ಒಂದು ಕಪ್ಪೆಯನ್ನೂ ಹಾಗೇ ಮನೆಗೆ ತರಬೇಡಿ.

ಮೈ ಕಾಪಾಡಿಕೊಳ್ಳುವ ವಿಷಯ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಇಂಬಳ. ರಕ್ತ ಹೋದರೂ ಜೀವಕ್ಕೆ ಅಪಾಯವಿಲ್ಲ, ಉದ್ದನೆಯ ಬಟ್ಟೆಯ ಕಾಲುಚೀಲ ಹಾಕಿ ಸಾಕು. ನಿಜವಾಗಿ ಹೆದರಬೇಕಾದ್ದು ಬೇಸಿಗೆಯ ಉಣುಗಿಗೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಅದರಿಂದಲೇ. ಡಿಸೆಂಬರಿನಿಂದ ಮೇ ತನಕ ಹೆಚ್ಚು. ಕಾಡಿನಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೂ ಅರಣ್ಯ ಇಲಾಖೆಗೂ ತಿಳಿಸಿ. ತರಗೆಲೆಯ ಮೇಲೆ ಕೂರಬೇಡಿ, ಉಣುಗು ತಡೆಯಲು ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ವಾಪಸ್ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ. ಹಾವಿನ ವಿಷಯಕ್ಕೆ, ಕ್ಯಾಂಪಿನಿಂದ ವಿಷನಿರೋಧಕ ಔಷಧ ಸಿಗುವ ಆಸ್ಪತ್ರೆಗೆ ಎಷ್ಟು ಹೊತ್ತು ಬೇಕು ಎಂದು ಮೊದಲ ದಿನವೇ ಗಾಡಿಯಲ್ಲಿ ಹೋಗಿ ನೋಡಿಕೊಂಡು ಬನ್ನಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ನಮ್ಮಲ್ಲಿ ಔಷಧವಿದೆ. ಕಾಳಿಂಗಕ್ಕೆ ಅದು ತಕ್ಕದ್ದಲ್ಲ.

ಆನೆಯ ಬಗ್ಗೆ ನಾನು ಹೇಳುವುದಕ್ಕಿಂತ ನಿಮ್ಮ ಜೊತೆಗಿರುವ ವಾಚರ್ ಹೇಳಿದ್ದನ್ನು ಕೇಳಿ. ಅವರು ನಿಲ್ಲಿ ಅಂದರೆ ನಿಲ್ಲಬೇಕು, ಓಡಿ ಅಂದರೆ ಓಡಬೇಕು, ಯಾಕೆ ಎಂದು ಕೇಳುವುದು ಆಮೇಲೆ. ನಮ್ಮ ಲೈನಿನಲ್ಲಿ ಒಬ್ಬ ಜೇನುಕುರುಬ ಹಿರಿಯರಿದ್ದರು, ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಒಂದು ಬೆಳಗ್ಗೆ ಲದ್ದಿಯೊಳಗೆ ಬೆರಳಿಟ್ಟು ನೋಡಿ, "ಈಗ ಹೋಗ್ಯದೆ ಕಣಮ್ಮ, ಇವತ್ತು ಈ ಲೈನ್ ಬ್ಯಾಡ" ಅಂದರು. ಒಳಗೆ ಇನ್ನೂ ಬಿಸಿ ಇತ್ತಂತೆ. ಹತ್ತು ನಿಮಿಷದಲ್ಲಿ ಬಿದಿರು ಮುರಿಯುವ ಸದ್ದು ಕೇಳಿತು, ನಾವು ನಡೆಯಬೇಕಿದ್ದ ದಿಕ್ಕಿನಿಂದಲೇ.

ಇಂಥವರ ತಿಳಿವಳಿಕೆಯ ಮೇಲೆ ನಮ್ಮ ಪ್ರಬಂಧಗಳು ನಿಂತಿವೆ. ಬಿಳಿಗಿರಿಯಲ್ಲಿ ಸೋಲಿಗರು, ನಾಗರಹೊಳೆಯ ಸುತ್ತ ಜೇನುಕುರುಬರು, ಕಾಡುಕುರುಬರು, ಯಾವ ಗಿಡ ಯಾವಾಗ ಕಾಯಿ ಬಿಡುತ್ತದೆ, ಅದನ್ನು ಯಾವ ಪ್ರಾಣಿ ತಿನ್ನುತ್ತದೆ ಎಂದು ಬಲ್ಲವರು. ಅವರ ಕೂಲಿ ತಿಂಗಳ ಕೊನೆಗೆ ತಪ್ಪದೆ ಕೊಡಿ. ಅವರು ಹೇಳಿದ ಹೆಸರುಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಪ್ರಬಂಧದಲ್ಲಿ ಅವರ ಹೆಸರು ಹಾಕಿ, ಅಚ್ಚಾದ ಮೇಲೆ ಅವರ ಹಾಡಿಗೆ (ಕಾಡಂಚಿನ ಕೇರಿಗೆ) ಹೋಗಿ ಏನು ಕಂಡುಕೊಂಡಿರಿ ಎಂದು ಕೂತು ಹೇಳಿ. ಇದನ್ನು ಮಾಡದ ಸಂಶೋಧಕರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ಐದನೇ ಹೆಜ್ಜೆ: ಹಣದ ಮಾತು

ಮನೆಯವರು ಕೇಳುವುದು ಇದನ್ನೇ, ಕೇಳಬೇಕಾದ್ದೂ ಹೌದು. 2023ರ ಜನವರಿಯಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋಶಿಪ್) ಆದರೆ 42,000. ಮನೆಬಾಡಿಗೆ ಭತ್ಯೆ ಬೇರೆ. ಕಾಲೇಜು, ವಿಶ್ವವಿದ್ಯಾಲಯದಲ್ಲಿ ಯುಜಿಸಿ ವೇತನದ ಸಹಾಯಕ ಪ್ರಾಧ್ಯಾಪಕರಾದರೆ ಮೂಲವೇತನ 57,700ರಿಂದ ಶುರು. ಆದರೆ ಎಂಎಸ್ಸಿ ಮುಗಿದು ಅಲ್ಲಿಗೆ ತಲುಪುವ ನಡುವೆ ಪ್ರಾಜೆಕ್ಟ್ ಕೆಲಸಗಳ ವರ್ಷಗಳಿರುತ್ತವೆ. ಅವು ಗುತ್ತಿಗೆಯವು, ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯಿತು.

ಫೆಲೋಶಿಪ್ ಹಣ ತಿಂಗಳ ಮೊದಲ ತಾರೀಕಿಗೆ ಬರುತ್ತದೆ ಎಂದು ನಂಬಿ ಬಾಡಿಗೆ ಮನೆ ಮಾಡಬೇಡಿ. ನನಗೆ ಒಮ್ಮೆ ಐದು ತಿಂಗಳು ಬರಲಿಲ್ಲ. ಕಡತ ಯಾವುದೋ ಮೇಜಿನ ಮೇಲೆ ಕೂತಿತ್ತು, ನಾನು ಅಕ್ಕನ ಹತ್ತಿರ ಸಾಲ ಕೇಳಿದೆ. ಕನಿಷ್ಠ ನಾಲ್ಕು ತಿಂಗಳ ಖರ್ಚಿನ ಹಣ ಪಕ್ಕಕ್ಕಿಟ್ಟುಕೊಂಡೇ ಪಿಎಚ್‌ಡಿಗೆ ಸೇರಿ. ಮನೆಯಲ್ಲಿ ನಿಮ್ಮ ದುಡಿಮೆಯನ್ನೇ ನೆಚ್ಚಿದವರಿದ್ದರೆ ಮೊದಲು ಒಂದೆರಡು ವರ್ಷ ಬೇರೆ ಕೆಲಸ ಮಾಡಿ ಬರುವುದರಲ್ಲಿ ಯಾವ ತಪ್ಪೂ ಇಲ್ಲ.

ಸ್ಥಿರವಾದ ಕೆಲಸ ಬೇಕೆನ್ನುವವರಿಗೆ ಬೇರೆ ದಾರಿಗಳಿವೆ. ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರದ ಪದವಿ ಇದ್ದರೆ ಯುಪಿಎಸ್‌ಸಿಯ ಭಾರತೀಯ ಅರಣ್ಯ ಸೇವೆಯ ಪರೀಕ್ಷೆ ಬರೆಯಬಹುದು. ರಾಜ್ಯದಲ್ಲಿ ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಹುದ್ದೆಗಳಿಗೆ ಆಗಾಗ ಕರೆಯುತ್ತಾರೆ. ರಸ್ತೆ, ಅಣೆಕಟ್ಟು, ಗಣಿ ಯೋಜನೆಗಳಿಗೆ 2006ರ ಅಧಿಸೂಚನೆಯಂತೆ ಪರಿಸರ ಪರಿಣಾಮದ ವರದಿ ಬೇಕು, ಅದನ್ನು ತಯಾರಿಸುವ ಕಂಪನಿಗಳಲ್ಲಿ ಜೀವವೈವಿಧ್ಯದ ತಜ್ಞರು ಇರಬೇಕು. ಸಂಬಳ ಚೆನ್ನಾಗಿರುತ್ತದೆ. ಆದರೆ ಯೋಜನೆ ಮಾಡುವವರೇ ವರದಿಗೆ ಹಣ ಕೊಡುವುದರಿಂದ, ಕಂಡದ್ದನ್ನು ಕಂಡ ಹಾಗೆ ಬರೆಯಲು ಗಟ್ಟಿ ಮನಸ್ಸು ಬೇಕು. ಆ ಗಟ್ಟಿತನ ಇರುವವರು ಅಲ್ಲಿಗೆ ಹೋಗಲಿ ಎಂದು ನಾನು ಮನಸಾರೆ ಬಯಸುತ್ತೇನೆ, ಅಲ್ಲಿ ಅವರ ಅಗತ್ಯ ಬಹಳ ಇದೆ.

ಇಷ್ಟೆಲ್ಲ ಹೇಳಿಯೂ ಯಾಕೆ ಬನ್ನಿ ಎನ್ನುತ್ತೇನೆ ಅಂದರೆ, ಕುಂಬಾರ ಕಪ್ಪೆಯಿಂದ. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ರಾಮಪತ್ರೆ ಮರಗಳ ಜಡ್ಡಿಗಳಿವೆ (ಜೌಗು ಕಾಡುಗಳು), ಬೇರುಗಳು ನೀರಿನಿಂದ ಮೇಲೆದ್ದು ಮತ್ತೆ ಒಳಗಿಳಿದಿರುತ್ತವೆ. ಮಳೆಗಾಲದ ರಾತ್ರಿ ಹೆಡ್ ಟಾರ್ಚ್ ಕಟ್ಟಿಕೊಂಡು ಮೊಣಕಾಲುದ್ದ ನೀರಿನಲ್ಲಿ ಅಲುಗಾಡದೆ ನಿಂತಿದ್ದೆವು. ನೀರಿನ ಮೇಲೆ ಚಾಚಿದ ಕಡ್ಡಿಯ ಮೇಲೆ ಮೊಟ್ಟೆಗಳು. ಹೆಣ್ಣು ಹೋದ ಮೇಲೆ ಗಂಡು ತೊರೆಯ ತಳದಿಂದ ಮುಂಗೈಯಲ್ಲಿ ಕೆಸರು ತಂದು, ಮೊಟ್ಟೆಯ ಮೇಲೆ ಮೆತ್ತಿತು. ಮತ್ತೆ ಹೋಯಿತು, ಮತ್ತೆ ತಂದಿತು. ಈ ಕಪ್ಪೆಗೆ ವಿಜ್ಞಾನದಲ್ಲಿ ಹೆಸರು ಸಿಕ್ಕಿದ್ದೇ 2014ರಲ್ಲಿ, ಅದರ ಹೆಸರಿನಲ್ಲೇ ಕನ್ನಡದ 'ಕುಂಬಾರ' ಇದೆ. ಅಷ್ಟು ವರ್ಷ ಅದು ಅಲ್ಲೇ ಇತ್ತು. ರಾತ್ರಿಯೆಲ್ಲ ಕಾದು ನೋಡಿ ಬರೆದುಕೊಳ್ಳುವವರು ಬರಬೇಕಿತ್ತು, ಬಂದರು.

ಕೊನೆಯ ಹೆಜ್ಜೆ: ಪತ್ರ

ಈಗ ಆ ಗ್ರಾಫ್ ಹಾಳೆ ತೆಗೆಯಿರಿ. ಯಾವುದಾದರೂ ಸಂಶೋಧಕರ ಜೊತೆ ಒಂದು ಹಂಗಾಮು ಸ್ವಯಂಸೇವಕರಾಗಿ ಕೆಲಸ ಮಾಡಿದ ಅನುಭವ ಎಂಎಸ್ಸಿ ಸಂದರ್ಶನದಲ್ಲಿ ಅಂಕಗಳಷ್ಟೇ ಕೈಹಿಡಿಯುತ್ತದೆ. ಅದಕ್ಕೆ ಇಮೇಲ್ ಬರೆಯಬೇಕು. ನೂರು ಜನಕ್ಕೆ ಒಂದೇ ಪತ್ರ ಕಳಿಸಬೇಡಿ, ನಾಲ್ಕು ಜನಕ್ಕೆ ಬೇರೆ ಬೇರೆ ಬರೆಯಿರಿ. "ಚಿಕ್ಕಂದಿನಿಂದ ಪ್ರಾಣಿಗಳೆಂದರೆ ಇಷ್ಟ" ಎಂದು ಶುರು ಮಾಡುವ ಪತ್ರಗಳು ನನಗೇ ವಾರಕ್ಕೆ ಹತ್ತಾರು ಬರುತ್ತವೆ. ಅದರ ಬದಲು ಅವರ ಒಂದು ಪ್ರಬಂಧ ಪೂರ್ತಿ ಓದಿ, ಅದರಲ್ಲಿ ನಿಮಗೆ ಅರ್ಥವಾಗದ ಒಂದು ಸಂಗತಿ ಕೇಳಿ. ಆಮೇಲೆ ನೀವು ಮೂವತ್ತು ದಿನ ಏನು ಎಣಿಸಿದಿರಿ, ಏನು ಕಂಡಿತು, ಯಾವ ದಿನ ತಪ್ಪಿತು ಎಂದು ನಾಲ್ಕು ಸಾಲು. ಹಾಳೆಯ ಫೋಟೋ ಲಗತ್ತಿಸಿ. ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಬರಬಲ್ಲಿರಿ, ಬೈಕ್ ಅಥವಾ ಜೀಪು ಓಡಿಸಲು ಬರುತ್ತದೆಯೇ, ಊಟ-ವಸತಿ ಸಿಕ್ಕರೆ ಸಾಕೇ, ಸಂಬಳವೂ ಬೇಕೇ ಎಂದು ಮುಚ್ಚುಮರೆಯಿಲ್ಲದೆ ಬರೆಯಿರಿ. ಸಂಬಳ ಬೇಕೆಂದು ಕೇಳುವುದಕ್ಕೆ ನಾಚಬೇಡಿ.

ಉತ್ತರ ಬಾರದಿದ್ದರೆ ಎರಡು ವಾರ ಬಿಟ್ಟು ಮತ್ತೊಮ್ಮೆ ಬರೆಯಿರಿ, ಅವರು ಕಾಡಿನಲ್ಲಿರಬಹುದು. ಕಪ್ಪೆಯ ಕೆಲಸ ಮಾಡುವವರಿಗೆ ಏಪ್ರಿಲ್ ಒಳಗೆ ಬರೆಯಿರಿ, ಜೂನಿಗೆ ಮಳೆ ಹಿಡಿಯುವ ಹೊತ್ತಿಗೆ ತಂಡ ಗೊತ್ತಾಗಿರುತ್ತದೆ. ಲೈನ್ ನಡೆಯುವ, ಕ್ಯಾಮೆರಾ ಇಡುವ ಕೆಲಸಕ್ಕೆ ಅಕ್ಟೋಬರಿನೊಳಗೆ.